ಶನಿವಾರದ ನಡಿಗೆಗೆ ಬರುವವರು ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ಶನಿವಾರ ಬೆಳಿಗ್ಗೆ 5ಕ್ಕೆ ಫೀನಿಕ್ಸ್‌ನ ಸೌತ್ ಮೌಂಟನ್‌ನಲ್ಲಿ ಸೇರೋಣ. ಈ ಸೆಕೆಯಲ್ಲಿ ರ‍್ಯಾಟಲ್ ಸ್ನೇಕ್ (ಬಾಲದ ತುದಿಯ ಗಿಲಕಿ ಆಡಿಸಿ ಸದ್ದು ಮಾಡುವ ವಿಷದ ಹಾವು) ಹಗಲು ನೆರಳಲ್ಲಿ ಮಲಗಿ, ರಾತ್ರಿ ಮತ್ತು ನಸುಕಿನಲ್ಲೇ ಜಾಸ್ತಿ ಓಡಾಡುತ್ತದೆ. ಟಾರ್ಚ್, ಬೂಟು ಮರೆಯಬೇಡಿ.

ಸದ್ದು ಕೇಳಿದ ಮೇಲೆ ಎಚ್ಚರವಾದರಾಯ್ತು ಅಂದುಕೊಳ್ಳಬೇಡಿ. ಎಷ್ಟೋ ಸಲ ಅದು ಗಿಲಕಿ ಆಡಿಸುವುದೇ ಇಲ್ಲ. ಸುಮ್ನೆ ಸುರುಳಿ ಸುತ್ತಿಕೊಂಡು ಕೂತಿರುತ್ತದೆ, ಮಣ್ಣಿನದೇ ಬಣ್ಣ. ಆ ಗಿಲಕಿ ನಮ್ಮ ಉಗುರಿನಂಥದೇ ವಸ್ತು. ಪ್ರತಿ ಸಲ ಪೊರೆ ಬಿಟ್ಟಾಗ ಒಂದು ಬಿಲ್ಲೆ ಸೇರುತ್ತದೆ, ತುದಿ ಮುರಿಯುತ್ತಲೂ ಇರುತ್ತದೆ. ಹಾಗಾಗಿ ಎಣಿಸಿದರೆ ವಯಸ್ಸು ಸಿಗಲ್ಲ. ಇದು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ, ಅದೂ ಇಲ್ಲಿನ ಮಳೆಗಾಲದ ಹೊತ್ತಿಗೆ. ಹುಟ್ಟಿದ ಮರಿಗೆ ಒಂದೇ ಬಿಲ್ಲೆ, ಸದ್ದೇ ಬರಲ್ಲ. ವಿಷ ಮಾತ್ರ ಇರುತ್ತದೆ!

ಕಣ್ಣಿಗೂ ಮೂಗಿಗೂ ನಡುವೆ ಇರುವ ಪುಟ್ಟ ಗುಳಿಯಿಂದ ಅದಕ್ಕೆ ಕತ್ತಲಲ್ಲೂ ಮೈಶಾಖ ಗೊತ್ತಾಗುತ್ತದೆ. ಕಾಣದ ಬಂಡೆ ಸಂದಿಗೆ ಕೈ ಹಾಕಲೇಬೇಡಿ. ಮಕ್ಕಳನ್ನು ದಾರಿಯ ನಡುವೆಯೇ ನಡೆಸಿ, ನಾಯಿಗೆ ಹಗ್ಗ ಇರಲಿ. ಹಾವು ಕಂಡರೆ ಮೆಲ್ಲಗೆ ಹಿಂದೆ ಸರಿಯಿರಿ, ಫೋಟೋ ಬೇಡ. ಸತ್ತ ಹಾವನ್ನೂ ಮುಟ್ಟಬೇಡಿ, ಕತ್ತರಿಸಿದ ತಲೆ ಕೂಡ ಕಚ್ಚಬಲ್ಲದು.

ಕಚ್ಚಿದರೆ ತುರ್ತು ಸಹಾಯದ 911ಕ್ಕೆ ಫೋನ್ ಮಾಡಿ. ಉಂಗುರ, ವಾಚು ಬಿಚ್ಚಿ, ಅಲುಗಾಡದೆ ಕೂರಿಸಿ. ಊರಲ್ಲಿ ಮಾಡುತ್ತಿದ್ದ ಹಾಗೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು, ಐಸ್ ಇಡುವುದು ಯಾವುದೂ ಬೇಡ.

ಬರುವವರು ಇವತ್ತು ರಾತ್ರಿಯೊಳಗೆ ಹೆಸರು ಹಾಕಿ.