ಹಳೇ ಗೇರಿಗೆ ಕಟರ್ ಕೇಳುವ ಮುನ್ನ

ಎಲ್ಲರ ಗಮನಕ್ಕೆ: ಹಳೇ ಗೇರಿನಂಥದ್ದೇ ಹೊಸದು ಮಾಡಲು, ಹಲ್ಲು ಕೊರೆಯುವ ಕಟರ್ ಬೇಕಾದರೆ "ಇದಕ್ಕೆ ಯಾವ ಕಟರ್?" ಅಂತ ಬರೀ ಫೋಟೋ ಹಾಕಬೇಡಿ. ಹಲ್ಲಿನ ಸಂಖ್ಯೆ, ಹೊರವ್ಯಾಸ, ಮೆಷಿನ್ ಯಾವ ದೇಶದ್ದು (ಇಂಚಿನ ಅಳತೆಯೋ ಮಿ.ಮೀ.ಯೋ ಊಹಿಸಲು), ಮೂರನ್ನೂ ಬರೆಯಿರಿ.

ನೇರ ಹಲ್ಲಿನ ಗೇರಾದರೆ ಹೊರವ್ಯಾಸವನ್ನು ಹಲ್ಲಿನ ಸಂಖ್ಯೆಗೆ 2 ಕೂಡಿಸಿ ಭಾಗಿಸಿ, ಬಂದದ್ದೇ ಮಾಡ್ಯೂಲ್ (ಹಲ್ಲಿನ ಗಾತ್ರದ ಮಿ.ಮೀ. ಅಳತೆ). 30 ಹಲ್ಲು, 63.9 ಮಿ.ಮೀ. ಇದ್ದರೆ 63.9 ÷ 32 = 1.997. ತುದಿ ಸ್ವಲ್ಪ ಸವೆದಿದೆ, 2 ಮಾಡ್ಯೂಲ್ ಅಂತಲೇ ಹಿಡಿಯಿರಿ. 2.11ರ ಆಸುಪಾಸು ಬಂದರೆ ಅದು ಇಂಚಿನ 12 ಡಿ.ಪಿ. (ಡಯಾಮೆಟ್ರಲ್ ಪಿಚ್, ಹಲ್ಲಿನ ಗಾತ್ರದ ಇಂಚಿನ ಲೆಕ್ಕ; 25.4 ÷ 12). ಅದಕ್ಕೆ 2 ಮಾಡ್ಯೂಲ್ ಕಟರ್ ಹಾಕಿದರೆ ಜೋಡಿ ಗೇರಿಗೆ ಕೂರುವುದಿಲ್ಲ.

ಬೆಸ ಸಂಖ್ಯೆಯ ಹಲ್ಲಿದ್ದರೆ ವರ್ನಿಯರ್ ಅಡ್ಡ ಹಿಡಿದಾಗ ಅಳತೆ ಕಡಿಮೆ ತೋರಿಸುತ್ತೆ. ಬೋರಿನ (ನಡುವಿನ ತೂತಿನ) ಅಂಚಿನಿಂದ ಹಲ್ಲಿನ ತುದಿವರೆಗೆ ಅಳೆದು, ದುಪ್ಪಟ್ಟು ಮಾಡಿ, ಬೋರಿನ ವ್ಯಾಸ ಕೂಡಿಸಿ.

ಪ್ರೆಶರ್ ಆ್ಯಂಗಲ್ (ಹಲ್ಲುಗಳು ಒಂದನ್ನೊಂದು ತಳ್ಳುವ ಕೋನ) ಕಣ್ಣಂದಾಜಲ್ಲಿ ಹೇಳಬೇಡಿ. ಮೇಲಿನ 30 ಹಲ್ಲಿನ, 2 ಮಾಡ್ಯೂಲ್ ಗೇರಿನಲ್ಲಿ 3 ಹಲ್ಲನ್ನು ಒಟ್ಟಿಗೆ ವರ್ನಿಯರ್ ದವಡೆಯಲ್ಲಿ ಹಿಡಿದು ಅಳೆಯಿರಿ, ಆಮೇಲೆ 4 ಹಲ್ಲು. ವ್ಯತ್ಯಾಸ 5.90 ಮಿ.ಮೀ. ಬಂದರೆ 20 ಡಿಗ್ರಿ, 6.08 ಬಂದರೆ ಹಳೇ 14.5 ಡಿಗ್ರಿ.

ಹೆಚ್ಚು ಕೆಲಸ ಕೆಡೋದು ಕಟರ್ ನಂಬರಿನಲ್ಲಿ. ಒಂದೇ ಗಾತ್ರದ ಹಲ್ಲಿಗೂ, ಹಲ್ಲಿನ ಸಂಖ್ಯೆಗೆ ತಕ್ಕಂತೆ 1ರಿಂದ 8ರವರೆಗೆ ನಂಬರಿನ ಕಟರ್ ಸೆಟ್ ಇರುತ್ತೆ. ಡಿ.ಪಿ. ಸೆಟ್‌ನಲ್ಲಿ 1ನೇ ನಂಬರು 135 ಹಲ್ಲಿನಿಂದ ಹಿಡಿದು ನೇರ ಪಟ್ಟಿಯ ಹಲ್ಲು ಅಂದರೆ ರ‍್ಯಾಕ್‌ವರೆಗೆ, 8ನೇದು 12–13 ಹಲ್ಲಿಗೆ. ಮಾಡ್ಯೂಲ್ ಸೆಟ್‌ನಲ್ಲಿ ಸಾಮಾನ್ಯವಾಗಿ ಇದು ಉಲ್ಟಾ. 30 ಹಲ್ಲು 26–34ರ ಗುಂಪಿಗೆ ಸೇರುತ್ತೆ: ಡಿ.ಪಿ.ಯಲ್ಲಿ 4, ಮಾಡ್ಯೂಲಿನಲ್ಲಿ 5. ನಂಬರು ನಂಬದೆ, ಕಟರಿನ ಪಕ್ಕದಲ್ಲಿ ಕೊರೆದಿರುವ ಹಲ್ಲಿನ ವ್ಯಾಪ್ತಿಯನ್ನೇ ಓದಿ.

20 ಡಿಗ್ರಿ ಗೇರಿಗೆ ಹಲ್ಲು ಕೊರೆಯುವ ಆಳ ಸಾಮಾನ್ಯವಾಗಿ ಮಾಡ್ಯೂಲಿನ 2.25 ಪಟ್ಟು, ಇಲ್ಲಿ 4.5 ಮಿ.ಮೀ.

ಓರೆ ಹಲ್ಲಿಗೆ ಈ ಲೆಕ್ಕ ನಡೆಯೋದಿಲ್ಲ, ಹೆಲಿಕ್ಸ್ ಕೋನವನ್ನೂ (ಹಲ್ಲು ಎಷ್ಟು ಡಿಗ್ರಿ ಓರೆ ಅನ್ನೋದನ್ನು) ಕಳಿಸಿ.