ಕೋನ ಬಾಯಿಪಾಠದ ವಿಷಯವೇ?

ಸಂಪಾದಕರೇ,

ಹೈಸ್ಕೂಲಿಗೆ ಹೋಗದ ಮಕ್ಕಳನ್ನೂ ಲಂಬಕೋನ ಎಂದರೇನು ಅಂತ ಕೇಳಿ ನೋಡಿ, ‘90 ಡಿಗ್ರಿ’ ಅಂತ ತಟ್ಟನೆ ಹೇಳುತ್ತಾರೆ. ಅದಕ್ಕಿಂತ ಕಡಿಮೆ ಇದ್ದರೆ ಲಘುಕೋನ, ಜಾಸ್ತಿ ಇದ್ದು 180 ಮುಟ್ಟದಿದ್ದರೆ ವಿಶಾಲಕೋನ, ಸರಿಯಾಗಿ 180 ಆದರೆ ಸರಳಕೋನ. ಎಲ್ಲ ಬಾಯಿಪಾಠ. ಅದೇ ಲಂಬಕೋನವನ್ನು ಸ್ವಲ್ಪ ಓರೆಯಾಗಿ ಬರೆದು ಕೊಡಿ, ತಡವರಿಸುತ್ತಾರೆ. ಗೆರೆ ಉದ್ದ ಎಳೆದರೆ ಕೋನವೂ ದೊಡ್ಡದಾಯಿತು ಅಂದುಕೊಳ್ಳುವವರೂ ಇದ್ದಾರೆ. ಮಕ್ಕಳನ್ನು ಬೈದು ಏನು ಪ್ರಯೋಜನ? ಬೋರ್ಡಿನ ಮೇಲೆ ಒಂದು ಗೆರೆ ಯಾವಾಗಲೂ ಅಡ್ಡ ಮಲಗಿಯೇ ಇರುತ್ತದೆ. ಕೋನ ಅಂದರೆ ಎಷ್ಟು ತಿರುಗಿತು ಅನ್ನುವ ಲೆಕ್ಕ ಅಂತ ಹೇಳಿಕೊಡುವವರು ಕಡಿಮೆ.

ಇದಕ್ಕೆ ದುಬಾರಿ ಸಾಮಾನೇನೂ ಬೇಡ, ಮುಳ್ಳಿನ ಗಡಿಯಾರ ಸಾಕು. ಮೂರು ಗಂಟೆಗೆ ಲಂಬಕೋನ, ಐದಕ್ಕೆ 150 ಡಿಗ್ರಿ, ಆರಕ್ಕೆ ಸರಳಕೋನ. ಮೂರು ಗಂಟೆಯ ಮುಳ್ಳುಗಳ ಆಚೆ ಬದಿ ಅಳೆದರೆ 270, ಅದು 180 ದಾಟಿದ ಸರಳಾಧಿಕ ಕೋನ. ಮೂರೂವರೆಗೆ ಎಷ್ಟು ಅಂತ ಕೇಳಿದರೆ ದೊಡ್ಡವರೂ 90 ಅಂದುಬಿಡುತ್ತಾರೆ. ಅಷ್ಟರಲ್ಲಿ ಗಂಟೆ ಮುಳ್ಳು ನಾಲ್ಕರ ಕಡೆ ಅರ್ಧ ದಾರಿ ಹೋಗಿರುತ್ತದೆ ಅಲ್ವಾ, ಹಾಗಾಗಿ 75 ಮಾತ್ರ.

ಹೆಸರುಗಳು ಬೇಡ ಅಂತ ಹೇಳುತ್ತಿಲ್ಲ. ಕೋನಮಾಪಕದಲ್ಲಿ ಎರಡು ಸಾಲು ಅಂಕಿಗಳಿರುತ್ತವೆ, 50 ಇರುವ ಕಡೆಯೇ 130 ಕೂಡ ಇರುತ್ತದೆ. ಯಾವುದನ್ನು ಓದಬೇಕು? ಕೋನ ನೋಡಿದ ಕೂಡಲೇ ‘ಇದು ಲಘುಕೋನ’ ಅಂತ ಗೊತ್ತಾಗುವ ಮಗು 130 ಅಂತ ಬರೆಯುವುದಿಲ್ಲ. ಹೆಸರು ಕೆಲಸಕ್ಕೆ ಬರುವುದು ಇಲ್ಲಿ. ಪರೀಕ್ಷೆಯಲ್ಲಿ ಮಾತ್ರ ಸುಮ್ನೆ ಬಿಟ್ಟ ಸ್ಥಳ ತುಂಬಿಸುತ್ತಾರೆ.

ನಮ್ಮ ಬೆಂಗಳೂರಿಗೆ ಇನ್ನೊಂದು ಅನುಕೂಲವಿದೆ. ಊರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ವರ್ಷಕ್ಕೆ ಎರಡು ಸಲ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ, ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆಗ ನೆರಳೇ ಇರುವುದಿಲ್ಲ, ಬಿಸಿಲು ನೆಲಕ್ಕೆ 90 ಡಿಗ್ರಿಯಲ್ಲಿ ಬೀಳುತ್ತಿರುತ್ತದೆ. ಡಿಸೆಂಬರ್ ಕೊನೆಗೆ ಅದೇ ಬಿಸಿಲು ಮಧ್ಯಾಹ್ನವೂ 54 ಡಿಗ್ರಿ ದಾಟುವುದಿಲ್ಲ, ಕೋಲಿನ ನೆರಳು ಚೆನ್ನಾಗಿ ಕಾಣುತ್ತದೆ. ಏಪ್ರಿಲ್‌ನಲ್ಲಿ ಶಾಲೆಗೆ ರಜೆ, ಆಗಸ್ಟ್‌ನಲ್ಲಿ ಮೋಡದ ಕಾಟ, ಅದು ನಿಜ. ಆದರೂ ಆಗಸ್ಟ್‌ನಲ್ಲಿ ಮಕ್ಕಳು ಶಾಲೆಯಲ್ಲೇ ಇರುತ್ತಾರೆ. ಆ ವಾರ ಮಧ್ಯಾಹ್ನ 12.25ರ ಸುಮಾರಿಗೆ ಮಕ್ಕಳನ್ನು ಅಂಗಳಕ್ಕೆ ಬಿಡಿ ಅಂತ ನಿಮ್ಮ ಮಕ್ಕಳ ಪುಟದಲ್ಲಿ ಮೊದಲೇ ಒಂದು ಸೂಚನೆ ಹಾಕಿದರೆ ಶಿಕ್ಷಕರಿಗೆ ಉಪಕಾರವಾಗುತ್ತದೆ.

– ಒಬ್ಬ ಪೋಷಕಿ, ಬಸವನಗುಡಿ, ಬೆಂಗಳೂರು