ಪಕ್ಕೆ ನೋವು ಅಂತ ಬಂದವರ ಕಾಲೂ ಒತ್ತಿ ನೋಡಿ

ಸಂಪಾದಕರಿಗೆ ನಮಸ್ಕಾರ,

ಬೇಸಿಗೆ ಬಂದ್ರೆ ಕಿಡ್ನಿ ಸ್ಟೋನ್ ಬಗ್ಗೆ ಪೇಪರ್‌ನಲ್ಲಿ ಬರ್ತಾನೇ ಇರತ್ತೆ, ಒಳ್ಳೇದೇ. ಆದ್ರೆ ಕಿಡ್ನಿಯಿಂದ ವಾಪಸ್ ಹೋಗೋ ರಕ್ತನಾಳದಲ್ಲೇ ರಕ್ತ ಹೆಪ್ಪುಗಟ್ಟಬಹುದು ಅನ್ನೋದು ನಮ್ಮನೇಲಿ ಆಗೋವರೆಗೂ ನಮಗೆ ಗೊತ್ತಿರ್ಲಿಲ್ಲ.

ನನ್ನ ತಮ್ಮನಿಗೆ ಬೆಳಿಗ್ಗೆ ಎದ್ರೆ ಕಣ್ಣಿನ ರೆಪ್ಪೆ ಊದಿರೋದು, ಸಂಜೆ ಸಾಕ್ಸ್ ಬಿಚ್ಚಿದ್ರೆ ಕಾಲ ಮೇಲೆ ಆಳವಾದ ಗೆರೆ, ಬೆರಳಲ್ಲಿ ಒತ್ತಿದ್ರೆ ಗುಳಿ ಬಿದ್ದು ಹಾಗೇ ಇರೋದು, ಯೂರಿನ್‌ನಲ್ಲಿ ಸೋಪ್ ಕದಡಿದ ಹಾಗೆ ನೊರೆ, ಒಂದು ಚೊಂಬು ನೀರು ಹಾಕಿದ್ರೂ ಹೋಗ್ತಿರ್ಲಿಲ್ಲ. ನಿಂತು ಕೆಲಸ ಮಾಡ್ತಾನಲ್ಲ ಅದಕ್ಕೇ ಅಂದ್ಕೊಂಡ್ವಿ. ಒಂದು ರಾತ್ರಿ ಎಡಗಡೆ ಪಕ್ಕೆ ಕೆಳಗೆ ತಡೆಯಕ್ಕಾಗದ ನೋವು, ಯೂರಿನ್ ಕೆಂಪಗೆ. ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಕಲ್ಲು ಅಂತ ಪೇನ್‌ಕಿಲ್ಲರ್ ಕೊಟ್ರು, ಅಮ್ಮ ದಿನಾ ಬಾಳೆದಿಂಡಿನ ರಸ ಕುಡಿಸಿದ್ರು. ಸ್ಕ್ಯಾನ್‌ನಲ್ಲಿ ಕಲ್ಲು ಕಾಣ್ಲಿಲ್ಲ, ಎಡ ಕಿಡ್ನಿ ದಪ್ಪ ಆಗಿದೆ ಅಂತ ಮಾತ್ರ ಇತ್ತು, ಕಲ್ಲು ಬಿದ್ದೋಗಿರ್ಬೇಕು ಅಂತ ಕಳಿಸಿಬಿಟ್ರು.

ಆಮೇಲೆ ಸಿಕ್ಕ ಕಿಡ್ನಿ ಡಾಕ್ಟ್ರು ಕಾಲು ಒತ್ತಿ ನೋಡಿದವರೇ ಡಾಪ್ಲರ್ (ನಾಳದಲ್ಲಿ ರಕ್ತ ಹೇಗೆ ಹರೀತಿದೆ ಅಂತ ತೋರಿಸೋ ಸ್ಕ್ಯಾನ್) ಮಾಡ್ಸಿದ್ರು, ಎಡ ಕಿಡ್ನಿಯಿಂದ ವಾಪಸ್ ಹೋಗೋ ರಕ್ತನಾಳದಲ್ಲೇ ಹೆಪ್ಪು ಇತ್ತು. ತಮ್ಮನಿಗಿರೋದು ನೆಫ್ರೋಟಿಕ್ ಸಿಂಡ್ರೋಮ್, ಅಂದ್ರೆ ದಿನಕ್ಕೆ 3.5 ಗ್ರಾಂಗಿಂತ ಜಾಸ್ತಿ ಪ್ರೋಟೀನ್ ಯೂರಿನ್‌ನಲ್ಲಿ ಸೋರಿ ಹೋಗೋದಂತೆ, ಅದರ ಜೊತೆ ರಕ್ತ ಹೆಪ್ಪುಗಟ್ಟದ ಹಾಗೆ ನೋಡ್ಕೊಳ್ಳೋ ಆಂಟಿಥ್ರಾಂಬಿನ್ನೂ ಹೋಗತ್ತೆ, ಮೆಂಬ್ರೇನಸ್ ನೆಫ್ರೋಪತಿ ಅನ್ನೋ, ಕಿಡ್ನಿಯ ಸೋಸೋ ಪೊರೆ ದಪ್ಪ ಆಗೋ ಕಾಯಿಲೆ ಇರೋರಿಗೆ ಈ ಅಪಾಯ ಇನ್ನೂ ಜಾಸ್ತಿ, ಕೆಲವರಿಗೆ ನೋವೇ ಬರಲ್ಲ, ಹೆಪ್ಪಿನ ಚೂರು ಶ್ವಾಸಕೋಶಕ್ಕೆ ಹೋಗಿ ಉಸಿರು ಕಟ್ಟಿದಾಗಲೇ ಗೊತ್ತಾಗೋದು. ಇದನ್ನ ಕೇಳಿ ನನ್ನ ಕೈಕಾಲೇ ತಣ್ಣಗಾಯ್ತು.

ರಕ್ತ ಹೆಪ್ಪುಗಟ್ಟದ ಹಾಗೆ ಮೊದಲು ಹೆಪಾರಿನ್ ಇಂಜೆಕ್ಷನ್, ಆಮೇಲೆ ವಾರ್ಫರಿನ್ ಮಾತ್ರೆ. ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯತ್ತೆ ಅಂತ ತೋರಿಸೋ ಐಎನ್‌ಆರ್ ಟೆಸ್ಟ್ 2ರಿಂದ 3ರ ಒಳಗೆ ಇರ್ಬೇಕು, ಕಮ್ಮಿ ಆದ್ರೆ ಮತ್ತೆ ಹೆಪ್ಪು, ಜಾಸ್ತಿ ಆದ್ರೆ ರಕ್ತಸ್ರಾವ. ಸೊಪ್ಪಿನಿಂದ ಈ ಮಾತ್ರೆಯ ಕೆಲಸ ಏರುಪೇರಾಗತ್ತೆ, ಹಾಗಂತ ಸೊಪ್ಪು ಬಿಡೋದು ಬೇಡ, ಒಂದಿನ ರಾಶಿ ತಿಂದು ಒಂದಿನ ಬಿಟ್ಟು ಮಾಡ್ಬೇಡಿ ಅಂದ್ರು, ಪೇನ್‌ಕಿಲ್ಲರ್ ಕೇಳದೆ ಮುಟ್ಟಲೇಬೇಡಿ ಅಂದ್ರು. ಜೊತೆಗೆ ಪ್ರೋಟೀನ್ ಸೋರೋ ಮೂಲ ಕಾಯಿಲೆಗೂ ಔಷಧಿ ನಡೀತಿದೆ.

ನನ್ನ ಕಳಕಳಿಯ ಮನವಿ ಇಷ್ಟು ಸಾರ್. ಪಕ್ಕೆ ನೋವು ಅಂತ ಬಂದವರಿಗೆ ಊತ, ನೊರೆ ಇದ್ಯಾ ಅಂತ ಕೇಳ್ಲಿ, ಯೂರಿನ್ ಪ್ರೋಟೀನ್ ಟೆಸ್ಟ್ ಮಾಡ್ಲಿ, ಅದು ಜಾಸ್ತಿ ಇದ್ದು ಕಲ್ಲು ಕಾಣದಿದ್ರೆ ಡಾಪ್ಲರ್ ಬರೀಲಿ. ನಿಮ್ಮ ಆರೋಗ್ಯ ಪುಟದಲ್ಲಿ ಕಿಡ್ನಿ ತಜ್ಞರ ಕೈಲಿ ಇದರ ಬಗ್ಗೆ ಒಂದು ಲೇಖನ ಬರೆಸಿ, ದಯವಿಟ್ಟು.

– ನಿಮ್ಮ ಓದುಗಳು, ದಾವಣಗೆರೆ